ಚಪ್ಪಲಿ ಕಾಯುವವರ ಕಡಲು

ಪತ್ರ: "ಮದುವೆಯಾಗಿ 25 ವರ್ಷ ತುಂಬಿತೆಂದು ಮಗ ನಮ್ಮನ್ನು ಮಾಲ್ಡೀವ್ಸಿಗೆ ಕರೆದುಕೊಂಡು ಹೊರಟಿದ್ದಾನೆ. ಐದು ದಿನದ 'ಆಲ್ ಇನ್‌ಕ್ಲೂಸಿವ್' ಪ್ಯಾಕೇಜಂತೆ. ಸ್ಕೂಬಾ, ಜೆಟ್ ಸ್ಕೀ, ಡಾಲ್ಫಿನ್ ಅಂತ ಅವನದೊಂದು ಉದ್ದ ಪಟ್ಟಿ. ನನಗೋ ದಡದಲ್ಲಿ ಸುಮ್ಮನೆ ಕೂರುವ ಆಸೆ. 'ಕೂರೋದಕ್ಕೆ ಅಷ್ಟು ದುಡ್ಡು ಸುರಿದು ಅಲ್ಲೀತನಕ ಹೋಗ್ಬೇಕಾ?' ಅಂತಾರೆ ನಮ್ಮನೆಯವರು. ಸಾಹಸ, ವಿಶ್ರಾಂತಿ ಎರಡನ್ನೂ ಸರಿದೂಗಿಸುವುದು ಹೇಗೆ?"
ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ತಾಯೀ, ತೂಗುವ ಕೆಲಸ ನಮ್ಮ ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದವರಿಗಿರಲಿ. ನೀವು ಕೂತುಕೊಳ್ಳಿ.

ಮಗನ ಪರವಾಗಿಯೂ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸಂಪಾದಕ ಪಕ್ಷಪಾತಿ ಅಂದುಬಿಡುತ್ತಾನೆ. ಹವಳದ ದಿಬ್ಬ ನೋಡುವಂಥದ್ದೇ. ಹರೆಯದ ಹುಡುಗ, ಧುಮುಕಲಿ. ಧುಮುಕುವ ಮೊದಲು ಪ್ಯಾಕೇಜಿನ ಸಣ್ಣಕ್ಷರ ಓದಲಿ. 'ಎಲ್ಲವೂ ಸೇರಿದೆ' ಅಂದರೂ ಸಾಮಾನ್ಯವಾಗಿ ಅದರಲ್ಲಿ ಸೇರುವುದು ಊಟ, ತಿಂಡಿ, ಪಾನೀಯ, ಕಯಾಕ್‌ನಂಥ ಎಂಜಿನ್ನಿಲ್ಲದ ಆಟ. ಸ್ಕೂಬಾ, ಜೆಟ್ ಸ್ಕೀಗೆ ಬೇರೆ ಬಿಲ್ಲು. ದೂರದ ದ್ವೀಪವಾದರೆ ಅಲ್ಲಿನ ರಾಜಧಾನಿ ಮಾಲೆಯಿಂದ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ, ಹತ್ತಬೇಕು, ಅದರ ದರವೂ ಎಷ್ಟೋ ಸಲ ಲೆಕ್ಕದ ಹೊರಗೆ. ಅದು ಹಗಲಲ್ಲಿ ಮಾತ್ರ ಹಾರುತ್ತದೆ. ಸಂಜೆ ಹೋಗಿ ಇಳಿದಿರೋ, ಆ ರಾತ್ರಿ ಮಾಲೆಯಲ್ಲೇ ಕಳೆಯಬೇಕು, ಐದರಲ್ಲೊಂದು ದಿನ ಹೋಯಿತು. ಜನವರಿಯಿಂದ ಏಪ್ರಿಲ್‌ವರೆಗೆ ಹೋಗಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಅಲ್ಲಿಯೂ ನೈರುತ್ಯ ಮುಂಗಾರು, ಗಾಳಿಮಳೆ. ಇನ್ನೊಂದು: ಸ್ಕೂಬಾ ಮಾಡಿದವರು ವಿಮಾನ ಹತ್ತುವ ಮುಂಚೆ 18 ತಾಸಾದರೂ ಬಿಡಬೇಕು. ನೀರಿನೊತ್ತಡದಲ್ಲಿ ಮೈಯೊಳಗೆ ಕರಗಿದ ಸಾರಜನಕ, ಮೇಲೆ ಹಾರಿದಾಗ ಗುಳ್ಳೆಯೆದ್ದು ಪ್ರಾಣಕ್ಕೇ ಬಂದೀತು. ಅಂದರೆ ಕೊನೆಯ ದಿನ ನಿಮ್ಮ ಮಗನೂ ಕೂರಲೇಬೇಕು. ನೋಡಿ, ವಿಜ್ಞಾನ ನಿಮ್ಮ ಕಡೆಗಿದೆ!

ನಾನು ಹೈಸ್ಕೂಲಿನಲ್ಲಿದ್ದಾಗ ಮನೆಮಂದಿಯೆಲ್ಲ ವ್ಯಾನು ಮಾಡಿಕೊಂಡು ಧರ್ಮಸ್ಥಳ, ಉಡುಪಿ, ಕೊಲ್ಲೂರು ಮುಗಿಸಿ ಮುರ್ಡೇಶ್ವರಕ್ಕೆ ಹೋದೆವು. "ಸಮುದ್ರಕ್ಕೆ ಅರ್ಧ ಗಂಟೆ ಅಷ್ಟೇ" ಅಂದ ಡ್ರೈವರು. ನಾವು ನೀರಿಗೆ ಓಡಿದೆವು. ಅವ್ವ ಮರಳಿನ ಮೇಲೆ ಕೂತಳು. ಸುತ್ತಲೂ ಹನ್ನೊಂದು ಜೊತೆ ಚಪ್ಪಲಿ, ತೊಡೆಯ ಮೇಲೆ ಮಂಡಕ್ಕಿ ಡಬ್ಬಿ. "ಬಾರವ್ವ" ಅಂದರೆ "ನೀವು ಆಡ್ರಪ್ಪ, ನಾನು ಚಪ್ಪಲಿ ನೋಡ್ಕೊಂತೀನಿ." ಆಕೆಯ ಮುಖ ರಸ್ತೆಯ ಕಡೆಗಿತ್ತು, ವ್ಯಾನು ಎಲ್ಲಿ ಬಿಟ್ಟು ಹೋಗುತ್ತದೋ ಅಂತ. ಸಮುದ್ರ ಬೆನ್ನಿಗಿತ್ತು. ಮತ್ತೆ ಆಕೆ ಸಮುದ್ರಕ್ಕೆ ಹೋಗಲಿಲ್ಲ.

ಆದ್ದರಿಂದಲೇ ನನಗೆ ಈ 'ಎಲ್ಲವೂ ಸೇರಿದ' ಏರ್ಪಾಡಿನ ಮೇಲೆ ಒಲವು. ಊರು ನೋಡದೆ, ಜನರೊಡನೆ ಬೆರೆಯದೆ ಉಂಡು ಮಲಗುವುದು ಯಾವ ಸೀಮೆ ಪ್ರವಾಸ ಎಂದು ನನ್ನ ಸಾಹಿತಿ ಮಿತ್ರರು ಮೂಗು ಮುರಿಯುತ್ತಾರೆ. ಇರಬಹುದು. ಆದರೆ ಆ ಮಿತ್ರರಲ್ಲಿ ಒಬ್ಬರಾದರೂ ಕಾಲು ಶತಮಾನ ದಿನಾ ರಾತ್ರಿ 'ನಾಳೆ ತಿಂಡಿಗೇನು' ಎಂದು ಯೋಚಿಸಿ ಅಕ್ಕಿ, ಉದ್ದು ನೆನೆಹಾಕಿದವರಲ್ಲ.

ಈ ಪದ್ಧತಿಯ ಬೇರು ಶ್ರೀಮಂತರ ಮನೆಯಲ್ಲಿಲ್ಲ. 1936ರಲ್ಲಿ ಫ್ರಾನ್ಸಿನ ಕಾರ್ಮಿಕರು ಮುಷ್ಕರ ಹೂಡಿ ವರ್ಷಕ್ಕೆ ಎರಡು ವಾರದ ಸಂಬಳದ ರಜೆ ಗಿಟ್ಟಿಸಿಕೊಂಡರು. ಸಾಮಾನ್ಯ ಜನ ಸಮುದ್ರದ ದಾರಿ ಹಿಡಿದದ್ದು ಹಾಗೆ. 1950ರಲ್ಲಿ ಬೆಲ್ಜಿಯಂನ ಜೆರಾರ್ ಬ್ಲಿಟ್ಜ್ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹೂಡಿ ಕ್ಲಬ್ ಮೆಡ್ ಎಂಬ ರಜಾ ಶಿಬಿರ ಶುರುಮಾಡಿದ. ಮೊದಲೇ ಒಂದೇ ಮೊತ್ತ ಕಟ್ಟಿದರಾಯಿತು, ಊಟ, ವಸತಿ, ಆಟ ಎಲ್ಲ ಅದರಲ್ಲೇ. ಮಾಲ್ಡೀವ್ಸಿನಲ್ಲಿ ಮೊದಲ ರೆಸಾರ್ಟ್ ಬಾಗಿಲು ತೆರೆದದ್ದು 1972ರಲ್ಲಿ.

ನಮ್ಮೂರೂ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತ್ತು. ಕಾರ್ಖಾನೆ ಕಾಯ್ದೆಯ ಪ್ರಕಾರ ವರ್ಷಕ್ಕೆ 240 ದಿನ ದುಡಿದವನಿಗೆ 20 ದಿನಕ್ಕೊಂದರಂತೆ ಸಂಬಳದ ರಜೆ ಸಿಗುತ್ತಿತ್ತು. ಗಿರಣಿಗಳು ಮುಚ್ಚಿದವು, ಮಗ್ಗದ ಸದ್ದು ನಿಂತಿತು. ರಜೆಯ ಗೌರವವೂ ಅದರ ಜೊತೆಗೇ ಹೋಯಿತೋ ಏನೋ. ಈಗ ರಜೆಯೆಂದರೆ ಕೂಡಿಟ್ಟು ನಗದು ಮಾಡಿಕೊಳ್ಳುವ ವಸ್ತು. "ನನ್ನದು ಮುನ್ನೂರು ಇ.ಎಲ್. ಇದೆ ಸಾರ್" ಎಂದು ನಿವೃತ್ತಿಯ ಹೊಸ್ತಿಲಲ್ಲಿರುವ ಗೆಳೆಯರು ಬೀಗುತ್ತಾರೆ. ಮುನ್ನೂರು ದಿನ ಹೆಂಡತಿಯ ಜೊತೆ ಎಲ್ಲಿಗೂ ಹೋಗಲಿಲ್ಲ ಅಂತ ಅದರರ್ಥ ತಾನೆ? ಹೋದವರಾದರೂ ಏನು ಮಾಡುತ್ತಾರೆ? ಎರಡು ದಿನದಲ್ಲಿ ಒಂಬತ್ತು ದೇವಸ್ಥಾನ, ಬೆಳಗಿನ ನಾಲ್ಕಕ್ಕೆ ಸ್ನಾನ, ಬಂದ ಮೇಲೆ ಸುಸ್ತಿಗೆ ಗ್ಲೂಕೋಸು. ಮಕ್ಕಳ ಬೇಸಿಗೆ ರಜೆಯನ್ನು ಕೋಚಿಂಗಿನವರು ನುಂಗಿದರು. ನಮ್ಮ ಕಚೇರಿಯಲ್ಲೇ ರಜೆ ಹಾಕಿದವನಿಗೆ ನಾನು ಎರಡು ಸಲ ಫೋನು ಮಾಡಿದ್ದೇನೆ, ತಪ್ಪೊಪ್ಪಿಕೊಳ್ಳುತ್ತೇನೆ.

ನಿಮ್ಮನ್ನೂ ಸ್ವಲ್ಪ ಗದರಬೇಕು. 25 ವರ್ಷ ಆದ ಮೇಲೂ ಕೂರುವುದಕ್ಕೆ ಮನೆಯವರ ಅಪ್ಪಣೆ ಬೇಕೆ? ನನ್ನ ಅಪ್ಪಣೆ ಯಾಕೆ? ಎರಡನೆಯ ದಿನ ಬೆಳಿಗ್ಗೆ ಹುಡುಗ ಸ್ಕೂಬಾಕ್ಕೆ ಹೋಗಲಿ, ನಿಮ್ಮ ಯಜಮಾನರು ಡಾಲ್ಫಿನ್ ನೋಡಿಕೊಂಡು ಬರಲಿ. ನಿಮಗೆ ಮನಸ್ಸಾದರೆ ಲೈಫ್ ಜಾಕೆಟ್ ತೊಟ್ಟು ಮೊಣಕಾಲುದ್ದ ನೀರಿನಲ್ಲಿ ಸ್ನಾರ್ಕೆಲಿನ ಕನ್ನಡಕ ಹಾಕಿ ಮುಖವಿಟ್ಟು ನೋಡಿ, ಮೀನು ಅಲ್ಲೂ ಕಾಣುತ್ತವೆ. ಹವಳ ಮುಟ್ಟಬೇಡಿ, ಅದಕ್ಕೆ ಜೀವವಿದೆ. ಉಳಿದ ಹೊತ್ತು ಸಮುದ್ರದ ಕಡೆ ಮುಖ ಮಾಡಿ ಕೂತಿರಿ. ಯಾರಾದರೂ ಚಪ್ಪಲಿ ನೋಡಿಕೊಳ್ಳಲು ಹೇಳಿದರೆ ಒಪ್ಪಬೇಡಿ. ಆ ದ್ವೀಪಗಳಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಓಡಾಡುತ್ತಾರಂತೆ.