ಆರನೆಯ ಭಾಗವನ್ನು ಕೇಳಿದ ಓದುಗರಿಗೆ

ಮಾನ್ಯ ಮೇಷ್ಟ್ರೇ, ನಮಸ್ಕಾರ.

ಕಳೆದ ಸಂಚಿಕೆಯ ನೀಳ್ಗತೆಯನ್ನು ಕುರಿತು ಚಿತ್ರದುರ್ಗದಿಂದ ನೀವು ಬರೆದ ಆರು ಪುಟಗಳ ಪತ್ರವನ್ನು ಎರಡು ಸಲ ಓದಿದೆ. ಉಳಿದ ಓದುಗರ ತಿಳಿವಳಿಕೆಗಾಗಿ ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿ ರಚಿಸಿದ ಸುದ್ದಿಯನ್ನು ಓದಿ, ಆಗಷ್ಟೇ ವಿಜ್ಞಾನದ ಮೇಷ್ಟ್ರಾಗಿದ್ದ ನೀವು ಹುರುಪುಗೊಂಡು, ಹೊಳಲ್ಕೆರೆ ಹೊಸದುರ್ಗದ ಹಳ್ಳಿಗಳಲ್ಲಿ ಬಾನಾಮತಿ ಎಂಬುದು ಇಲ್ಲವೆಂದು ಹೇಳುತ್ತಾ ತಿರುಗಿದಿರಿ. ವಾಮಾಚಾರದ ವಿರುದ್ಧದ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬರುವ ಹೊತ್ತಿಗೆ ನಿಮಗೆ ನಿವೃತ್ತಿಯೂ ಆಗಿತ್ತು. ಇಷ್ಟೆಲ್ಲ ಆದ ಮೇಲೆ, ಚಂದಾ ಕಟ್ಟಿ ತರಿಸುವ ಪತ್ರಿಕೆಯಲ್ಲಿಯೇ ಮಂತ್ರವಾದಿಯೊಬ್ಬ ಕಥಾನಾಯಕನಿಗೆ ದಾರಿ ತೋರಿಸುವುದನ್ನು ಓದಬೇಕಾಯಿತಲ್ಲ ಎಂಬುದು ನಿಮ್ಮ ಸಂಕಟ. ಜೊತೆಗೆ, ಕತೆಯ ಭಾಗಗಳು 5, 2, 7, 1, 4, 3 ಎಂಬ ಕ್ರಮದಲ್ಲಿ ಅಚ್ಚಾಗಿವೆ, ಆರನೆಯ ಭಾಗವೇ ಇಲ್ಲ, ಇದು ಮುದ್ರಣದೋಷವೋ ಓದುಗನ ಬಗೆಗಿನ ಉಡಾಫೆಯೋ ಎಂದು ಕೇಳಿದ್ದೀರಿ. ಗೂಢವಿದ್ಯೆಯನ್ನೂ ಕ್ರಮಗೆಟ್ಟ ನಿರೂಪಣೆಯನ್ನೂ ಬೆರೆಸುವ ಇದೆಲ್ಲ ಅರವತ್ತರ ದಶಕದಲ್ಲಿ ಅಮೆರಿಕದ ನಶೆಗಾರರು ಹಚ್ಚಿಕೊಂಡ ಷೋಕಿ, ನಮಗೇಕೆ ಎಂದೂ ಬರೆದಿದ್ದೀರಿ.

ಕತೆಯನ್ನು ಓದದವರಿಗಾಗಿ ಇನ್ನೆರಡು ಮಾತು. ದಾವಣಗೆರೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಯುವಕನ ಕೈಗೆ ಒಂದು ಕಾಲಜ್ಞಾನದ ಹಸ್ತಪ್ರತಿ ಬರುತ್ತದೆ. ಅವನು ಅದರಲ್ಲಿ ಒಂದು ದೀರ್ಘವನ್ನು ಅಳಿಸಿದರೆ ಅವನ ಬೀದಿಯ ಒಂದು ಮನೆ ಎಲ್ಲರ ನೆನಪಿನಿಂದ ಹೋಗುತ್ತದೆ. ಒಂದು ಒತ್ತಕ್ಷರ ಸೇರಿಸಿದರೆ ಸತ್ತವರೊಬ್ಬರು ಸಂತೆಯಲ್ಲಿ ಎದುರಾಗುತ್ತಾರೆ. ಹಸ್ತಪ್ರತಿ ತಂದ ಮಂತ್ರವಾದಿಯ ಹಿಂದೆ ಅವನು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ಅಂಕಲಿ ಮಠದ ಗವಿಯ ಕತ್ತಲೆಗೆ ಇಳಿಯುತ್ತಾನೆ. ಐದನೆಯ ಭಾಗ ಹೇಳಿದ್ದನ್ನು ಮೂರನೆಯ ಭಾಗ ಅಲ್ಲಗಳೆಯುತ್ತದೆ.

ನಿಮ್ಮ ವಾದಕ್ಕೆ ಬಲ ಕೊಡುವ ಒಂದು ಸಂಗತಿ ನನಗೆ ಮಾತ್ರ ಗೊತ್ತಿದೆ. ಅದನ್ನು ಮುಚ್ಚಿಟ್ಟು ಉತ್ತರ ಬರೆಯುವುದು ಸರಿಯಲ್ಲ. ಸಂಚಿಕೆ ಹೊರಬಿದ್ದ ಎರಡನೆಯ ವಾರ ಜಗಳೂರು ಕಡೆಯ ರೈತರೊಬ್ಬರು ನಮ್ಮ ಕಚೇರಿಗೆ ಬಂದರು. ಬಸ್ಸಿನಲ್ಲಿ ಯಾರೋ ಬಿಟ್ಟುಹೋಗಿದ್ದ ನಮ್ಮ ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು. ಅಂಕಲಿ ಮಠದಲ್ಲಿ ಸಿಗುವ ಆ ಸ್ವಾಮಿಯ ವಿಳಾಸ ಬೇಕಾಗಿತ್ತು ಎಂದರು. ಮಗಳಿಗೆ ಆರು ತಿಂಗಳಿಂದ ಮೈಗೆ ಸರಿಯಿಲ್ಲವಂತೆ, ತೋರಿಸದ ಜಾಗವಿಲ್ಲವಂತೆ. ಅದು ಕಟ್ಟಿದ ಕತೆಯೆಂದು ನಾನು ವಿವರಿಸಿದಾಗ ಅವರು ಸಿಟ್ಟಾಗಲಿಲ್ಲ. "ಇಲ್ಲದ್ದನ್ನ ಯಾಕೆ ಅಚ್ಚು ಹಾಕ್ತೀರಿ ಸಾರ್?" ಎಂದು ಕೇಳಿದರು, ಅಷ್ಟೇ. ಪತ್ರಿಕೆ ಬಿಚ್ಚಿ ನೋಡಿದೆ. ಶೀರ್ಷಿಕೆಯ ಮೇಲೆ, ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ 'ನೀಳ್ಗತೆ' ಎಂದು ಹಾಕಿದ್ದೆವು. ಆ ಪದ ಸರಿಯಾಗಿ ಮಡಿಕೆಯ ಗೆರೆಯ ಮೇಲೆ ಬಂದು ಸವೆದುಹೋಗಿತ್ತು. ಮಗಳನ್ನು ಯಾವ ವೈದ್ಯರಿಗೆ ತೋರಿಸಬಹುದೆಂದು ತಿಳಿಸಿ, ನಮ್ಮ ಹುಡುಗನನ್ನು ಜೊತೆಗೆ ಕಳುಹಿಸಿಕೊಟ್ಟೆ. ಪುಟವಿನ್ಯಾಸದ ಆ ತಪ್ಪು ನನ್ನದು. ಅದಕ್ಕೆ ಕತೆಗಾರರು ಹೊಣೆಯಲ್ಲ.

ಆದರೂ ಆ ಕತೆಯನ್ನು ಅಚ್ಚುಮಾಡಿದ್ದಕ್ಕೆ ನಾನು ವಿಷಾದಿಸುವುದಿಲ್ಲ. ಕಾರಣ ಹೇಳುವುದಕ್ಕೆ ಅಮೆರಿಕಕ್ಕಿಂತ ಮೊದಲು ಕಲ್ಯಾಣಕ್ಕೆ ಹೋಗಬೇಕು.

ಶೂನ್ಯಸಂಪಾದನೆಯಲ್ಲಿ ಗೋರಕ್ಷನ ಪ್ರಸಂಗ ನಿಮಗೆ ಗೊತ್ತೇ ಇದೆ. ಗೋರಕ್ಷ ವಜ್ರಕಾಯದ ಸಿದ್ಧ. ಅಲ್ಲಮಪ್ರಭು ಕತ್ತಿಯಿಂದ ಹೊಡೆದಾಗ ಅವನ ಮೈ ಖಣಿಲೆಂದು ಸದ್ದು ಮಾಡುತ್ತದೆ, ಒಂದು ಗೀರೂ ಬೀಳುವುದಿಲ್ಲ. ನಂತರ ಗೋರಕ್ಷ ಅಲ್ಲಮನಿಗೆ ಹೊಡೆದರೆ ಕತ್ತಿ ಬಯಲಿನಲ್ಲಿ ಆಡಿದ ಹಾಗೆ ಆಚೆಗೆ ಹಾದುಹೋಗುತ್ತದೆ. ಮೇಲುನೋಟಕ್ಕೆ ಇದು ಒಂದು ಪವಾಡವನ್ನು ಇನ್ನೊಂದು ಪವಾಡ ಸೋಲಿಸಿದ ಕತೆ. ಆದರೆ ಈ ಪ್ರಸಂಗವನ್ನು ಓದಿ ಮುಗಿಸಿದವರು ಸಿದ್ಧಿಗಾಗಿ ಹಂಬಲಿಸುವುದಿಲ್ಲ; ಸಿದ್ಧಿಯೆಂಬುದೇ ಒಂದು ಗಂಟು ಎಂದು ಕಾಣುತ್ತದೆ. ಗೂಢವಿದ್ಯೆಯನ್ನು ಒಳಗೆ ಬಿಟ್ಟುಕೊಂಡು, ಅದರ ಭಾಷೆಯಲ್ಲಿಯೇ ಮಾತನಾಡಿ, ಅದರ ಗರ್ವವನ್ನು ಇಳಿಸುವ ಈ ವಿಧಾನ ನಮ್ಮಲ್ಲಿ ಶತಮಾನಗಳಿಂದ ಇದೆ. ಬೆಡಗಿನ ವಚನಗಳು ಓದುಗನ ಕೈಗೆ ಅರ್ಥವನ್ನು ನೇರವಾಗಿ ಕೊಡದೆ ಸತಾಯಿಸುವುದೂ ಇದೇ ಕಾರಣಕ್ಕೆ ಎಂದು ನಾನು ತಿಳಿದಿದ್ದೇನೆ. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ರಾತ್ರಿ ಹೊತ್ತು ಜೋತಮ್ಮಗಳು, ಅಂದರೆ ದೀಪಗಳ ಆತ್ಮಗಳು, ಕೂಡಿ ಊರಿನ ಸುದ್ದಿ ಮಾತಾಡಿಕೊಳ್ಳುವುದನ್ನು ಓದಿ ಯಾರೂ ದೀಪಕ್ಕೆ ಹರಕೆ ಹೊರಲಿಲ್ಲ. ಹಗಲು ಬಾಯಿಬಿಡದ ಊರಿನ ಸತ್ಯ ಅಲ್ಲಿ ಕೇಳಿಸಿತು.

ಇನ್ನು ನೀವು ಹೇಳುವ ಅಮೆರಿಕದ ಬರಹಗಳ ವಿಚಾರ. ಅವುಗಳಲ್ಲಿ ಒಂದರ ಹುಟ್ಟಿನ ಕತೆ ನಿಮ್ಮ ಪತ್ರಕ್ಕೂ ನನ್ನ ಕುರ್ಚಿಗೂ ಹತ್ತಿರವಾದದ್ದು. ಅರವತ್ತರ ದಶಕದ ಕೊನೆಯಲ್ಲಿ ರಾಬರ್ಟ್ ಶೀ ಮತ್ತು ರಾಬರ್ಟ್ ಆಂಟನ್ ವಿಲ್ಸನ್ ಎಂಬಿಬ್ಬರು 'ಪ್ಲೇಬಾಯ್' ಪತ್ರಿಕೆಯಲ್ಲಿ ಸಂಪಾದಕರಾಗಿದ್ದು, ನಾಗರಿಕ ಹಕ್ಕುಗಳನ್ನು ಕುರಿತ ಓದುಗರ ಪತ್ರಗಳನ್ನು ನೋಡಿಕೊಳ್ಳುತ್ತಿದ್ದರು. ಜಗತ್ತನ್ನು ಯಾವುದೋ ಗುಪ್ತ ಕೂಟ ಆಳುತ್ತಿದೆ ಎಂದು ಬರೆಯುವವರ ಪತ್ರಗಳೂ ಅದರಲ್ಲಿ ಬರುತ್ತಿದ್ದವು. ಒಬ್ಬೊಬ್ಬರು ಬೆರಳು ತೋರಿಸುವ ಕೂಟ ಒಂದೊಂದು. ಈ ಪತ್ರಗಳೆಲ್ಲವೂ ಒಟ್ಟಿಗೆ ನಿಜವಾದರೆ ಹೇಗೆ ಎಂಬ ಪ್ರಶ್ನೆಯಿಂದ ಅವರು ಬರೆದ 'ಇಲ್ಯುಮಿನೇಟಸ್' ಎಂಬ ಬೃಹತ್ ಕಾದಂಬರಿ 1975ರಲ್ಲಿ ಮೂರು ಸಂಪುಟಗಳಾಗಿ ಬಂತು. ಬವೇರಿಯಾದಲ್ಲಿ 1776ರ ಮೇ 1ರಂದು ಆಡಂ ವೈಸ್‌ಹೌಪ್ಟ್ ಎಂಬ ಪ್ರಾಧ್ಯಾಪಕ ಕಟ್ಟಿದ, ಹತ್ತು ವರ್ಷ ತುಂಬುವ ಮೊದಲೇ ಸರ್ಕಾರ ನಿಷೇಧಿಸಿದ ಒಂದು ಸಣ್ಣ ಗುಪ್ತ ಸಂಘ ಅದರ ಬೀಜ. ಕಾದಂಬರಿಯಲ್ಲಿ ಕಾಲ, ಸ್ಥಳ, ಹೇಳುವ ದನಿ ಒಂದೇ ವಾಕ್ಯದ ಮಧ್ಯದಲ್ಲಿ ಬದಲಾಗುತ್ತವೆ. ಒಂದು ಪುಟದಲ್ಲಿ ಬಯಲಾದ ರಹಸ್ಯವನ್ನು ಮುಂದಿನ ಪುಟ ಬೇರೊಂದು ರಹಸ್ಯದಿಂದ ಒರೆಸಿಹಾಕುತ್ತದೆ. ನೂರು ನಂಬಿಕೆಗಳನ್ನು ಎದುರುಬದುರು ಕೂರಿಸಿದಾಗ ಯಾವ ಒಂದಕ್ಕೂ ಓದುಗನ ತಲೆಯ ಮೇಲೆ ಪಟ್ಟ ಸಿಗುವುದಿಲ್ಲ ಎಂಬುದು ಆ ರೂಪದ ಹಿಂದಿನ ವಿಚಾರ. ಅದರಲ್ಲಿ ಹೆಂಗಸರನ್ನು ಚಿತ್ರಿಸಿರುವ ರೀತಿ ನನಗೆ ಹಿಡಿಸುವುದಿಲ್ಲ, ಗಂಡಸರ ಪತ್ರಿಕೆಯ ಗಾಳಿ ಅಲ್ಲಿ ಧಾರಾಳವಾಗಿ ಬೀಸುತ್ತದೆ. ಆದರೆ ಆ ರೂಪದ ಹಿಂದಿನ ವಿಚಾರ ಗಟ್ಟಿಯಾದದ್ದು.

ಗಟ್ಟಿಯಾದದ್ದು ನಿಜ, ಆದರೆ ಪೂರ್ತಿ ಸುರಕ್ಷಿತವಲ್ಲ, ಮೇಷ್ಟ್ರೇ. ಇದೇ ಗೆಳೆಯರ ಬಳಗದಲ್ಲಿ ಕೆರಿ ಥಾರ್ನ್‌ಲಿ ಎಂಬವನಿದ್ದ. ಕಲಹದ ಗ್ರೀಕ್ ದೇವತೆ ಎರಿಸ್‌ಳ ಹೆಸರಿನಲ್ಲಿ ಗೆಳೆಯನೊಬ್ಬನ ಜೊತೆ ಸೇರಿ ಒಂದು ತಮಾಷೆಯ ಮತವನ್ನೇ ಹುಟ್ಟುಹಾಕಿದವನು, ಗುಪ್ತಕೂಟಗಳ ಬಗ್ಗೆ ಹುಸಿಪತ್ರಗಳನ್ನು ಪತ್ರಿಕೆಗಳಿಗೆ ಕಳುಹಿಸುವ ಆಟದಲ್ಲಿ ಭಾಗಿಯಾದವನು. 1959ರಲ್ಲಿ ಅವನು ಅಮೆರಿಕದ ಮೆರೀನ್ ಪಡೆಯ ತುಕಡಿಯಲ್ಲಿದ್ದಾಗ ಅಲ್ಲಿಯೇ ಇದ್ದ ಇನ್ನೊಬ್ಬನೆಂದರೆ, ಮುಂದೆ ಕೆನಡಿಯವರ ಹಂತಕನೆಂದು ಹೆಸರಾದ ಲೀ ಹಾರ್ವೆ ಆಸ್ವಾಲ್ಡ್. ಹತ್ಯೆಗೆ ಮೊದಲೇ ಥಾರ್ನ್‌ಲಿ ಅವನನ್ನು ಮಾದರಿಯಾಗಿಟ್ಟುಕೊಂಡು ಒಂದು ಕಾದಂಬರಿಯನ್ನೂ ಬರೆದಿದ್ದ. ಈ ಕಾಕತಾಳೀಯದ ಭಾರ ಅವನನ್ನು ಬಿಡಲಿಲ್ಲ. ಎಪ್ಪತ್ತರ ದಶಕದಲ್ಲಿ, ತನಗೆ ತಿಳಿಯದಂತೆ ತನ್ನನ್ನೂ ಆ ಹತ್ಯೆಯ ಸಂಚಿನಲ್ಲಿ ಬಳಸಿಕೊಂಡಿದ್ದಾರೆ ಎಂದು ಅವನು ಮನಸಾರೆ ನಂಬತೊಡಗಿದ. ನಂಬಿಕೆಗಳನ್ನು ಅಣಕಿಸುವ ಆಟ ಆಡಿದವನೇ ಒಂದು ನಂಬಿಕೆಯ ಬಲೆಗೆ ಬಿದ್ದ. ನಿಮ್ಮ ಭಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾನು ಕೊಡಲಾರೆ.

ಅಮೆರಿಕದ ಇನ್ನೊಬ್ಬ ಲೇಖಕ ವಿಲಿಯಂ ಬರೋಸ್‌ನ ವಿಷಯದಲ್ಲಿಯೂ ನಿಮ್ಮ ಜೊತೆಗೆ ನಿಲ್ಲುತ್ತೇನೆ. 1951ರಲ್ಲಿ ಮೆಕ್ಸಿಕೋ ನಗರದಲ್ಲಿ ಅವನು ಕುಡಿದ ಮತ್ತಿನಲ್ಲಿ ಹೆಂಡತಿಯನ್ನು ಗುಂಡಿಟ್ಟು ಕೊಂದ. ಮೂರು ದಶಕಗಳ ನಂತರ, 1985ರಲ್ಲಿ ಅಚ್ಚಾದ ಮುನ್ನುಡಿಯೊಂದರಲ್ಲಿ, ತನ್ನನ್ನು ಹಿಡಿದಿದ್ದ ಒಂದು ದುಷ್ಟಶಕ್ತಿಯ ಮಾತನ್ನು ಆ ಸಾವಿನ ಜೊತೆಗೆ ತಳುಕುಹಾಕಿದ. ನಮ್ಮ ಹಳ್ಳಿಗಳಲ್ಲಿ ದೆವ್ವದ ಹೆಸರಿನಲ್ಲಿ ಹೆಣ್ಣುಮಕ್ಕಳ ಮೇಲೆ ನಡೆದ ಹಿಂಸೆಯನ್ನು ಕಣ್ಣಾರೆ ಕಂಡ ನಿಮಗೆ ಇದು ಹೇಗೆ ಕೇಳಿಸುತ್ತದೆಂದು ನಾನು ಊಹಿಸಬಲ್ಲೆ. ಅವನ ಬರವಣಿಗೆ ಎಷ್ಟೇ ಹೊಸದಾಗಿರಲಿ, ಆ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಅವನು ಬಳಸಿದ ಒಂದು ವಿಧಾನವನ್ನು ನಾನೇ ಮಾಡಿ ನೋಡಿದ್ದೇನೆ. 1959ರಲ್ಲಿ ಪ್ಯಾರಿಸ್ಸಿನ ಅಗ್ಗದ ಹೋಟೆಲೊಂದರಲ್ಲಿ ಅವನ ಗೆಳೆಯ, ಚಿತ್ರಕಾರ ಬ್ರಯಾನ್ ಗೈಸಿನ್, ಚಿತ್ರಕ್ಕೆ ಅಂಚು ಕತ್ತರಿಸುವಾಗ ಕೆಳಗೆ ಹಾಸಿದ್ದ ದಿನಪತ್ರಿಕೆಗಳೂ ತುಂಡಾದವು. ತುಂಡುಗಳನ್ನು ಜೋಡಿಸಿ ಓದಿದಾಗ ಹೊಸ ವಾಕ್ಯಗಳು ಹುಟ್ಟಿದವು. ಹೀಗೆ ಕತ್ತರಿಸಿದ ಪುಟದಿಂದ ಭವಿಷ್ಯ ಸೋರಿಬರುತ್ತದೆ ಎಂದು ಬರೋಸ್ ನಂಬಿದ್ದ. ನಿಮ್ಮ ಪತ್ರ ಬಂದ ದಿನ ರಾತ್ರಿ, ಕಚೇರಿಯಲ್ಲಿ ಎಲ್ಲರೂ ಹೋದ ಮೇಲೆ, ಹಳೆಯ ದಿನಪತ್ರಿಕೆಯ ಧಾರಣೆ ಪುಟವನ್ನೂ ಶ್ರದ್ಧಾಂಜಲಿ ಪುಟವನ್ನೂ ನಾಲ್ಕು ನಾಲ್ಕು ತುಂಡುಮಾಡಿ ಅದಲು ಬದಲು ಜೋಡಿಸಿದೆ. ಮೆಕ್ಕೆಜೋಳದ ಕ್ವಿಂಟಲ್ ದರದ ಸಾಲು ಹೋಗಿ 'ನಮ್ಮನ್ನಗಲಿ ಇಂದಿಗೆ' ಎಂಬಲ್ಲಿ ಸೇರಿತು; 'ಆವಕ ಕಡಿಮೆ' ಎಂಬುದರ ಪಕ್ಕದಲ್ಲಿ 'ನಿಮ್ಮ ನೆನಪಿನಲ್ಲಿ' ಎಂದು ಬಂತು. ನನಗೆ ಮೈ ಜುಂ ಎಂದಿತು. ಬೆಳೆ ಕೈಕೊಟ್ಟು ಜೀವ ಕಳೆದುಕೊಂಡ ರೈತರ ಮುಖಗಳು ಎದುರು ಬಂದವು. ಯಾರೋ ಬೇಕೆಂದೇ ಈ ವಾಕ್ಯವನ್ನು ನನಗಾಗಿ ಬರೆದಿದ್ದಾರೆ ಎನಿಸಿತು. ಯಾರೂ ಬರೆದಿರಲಿಲ್ಲ; ಕತ್ತರಿ ಹಿಡಿದದ್ದು ನನ್ನ ಕೈ, ಅರ್ಥ ತುಂಬಿದ್ದು ನನ್ನ ಮನಸ್ಸು. ಭವಿಷ್ಯ ಹೇಳುವವನ ಮುಂದೆ ಕುಳಿತಾಗಲೂ ನಡೆಯುವುದು ಇದೇ. ಆತ ತುಂಡು ಮಾತುಗಳನ್ನು ಎಸೆಯುತ್ತಾನೆ, ಜೋಡಿಸಿಕೊಳ್ಳುವವರು ನಾವು. ಈ ಕೆಲಸವನ್ನು ತನ್ನ ಮನಸ್ಸು ಮಾಡುತ್ತಿರುವಾಗಲೇ ಹಿಡಿದುಹಾಕಿದವನನ್ನು ಮರುಳುಗೊಳಿಸುವುದು ಅಷ್ಟು ಸುಲಭವಲ್ಲ. ಬಾನಾಮತಿ ಸುಳ್ಳು ಎಂದು ನೀವು ಹೊರಗಿನಿಂದ ತಿಳಿಸಿಕೊಟ್ಟಿರಿ. ಸುಳ್ಳು ಹೇಗೆ ನಿಜವೆನಿಸುತ್ತದೆ ಎಂಬುದನ್ನು ಇಂಥ ಕತೆ ಒಳಗಿನಿಂದ ಕಾಣಿಸುತ್ತದೆ.

ಹಾಗಾದರೆ ಥಾರ್ನ್‌ಲಿ ಏಕೆ ಬಿದ್ದ ಎಂದು ನೀವು ಕೇಳುತ್ತೀರಿ. ನನಗೆ ತೋಚುವ ಉತ್ತರವನ್ನು ಅಮೆರಿಕದ ವೈಜ್ಞಾನಿಕ ಕಥೆಗಾರ ಫಿಲಿಪ್ ಕೆ. ಡಿಕ್‌ನನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. 1974ರ ಫೆಬ್ರವರಿಯಲ್ಲಿ, ಹಲ್ಲು ಕೀಳಿಸಿಕೊಂಡು ಮನೆಯಲ್ಲಿದ್ದ ಆತನಿಗೆ ನೋವಿನ ಔಷಧ ತಂದ ಹುಡುಗಿಯ ಕೊರಳಲ್ಲಿ ಮೀನಿನ ಪದಕವಿತ್ತು. ಅದನ್ನು ನೋಡಿದ ಕ್ಷಣದಿಂದ ಕೆಲವು ವಾರ ಅವನಿಗೆ ದರ್ಶನಗಳಾದವು; ಗುಲಾಬಿ ಬಣ್ಣದ ಬೆಳಕೊಂದು ತನಗೆ ತಿಳಿವಳಿಕೆ ಕೊಡುತ್ತಿದೆ ಎಂದೂ, ತಾನಿರುವ ಕ್ಯಾಲಿಫೋರ್ನಿಯಾದ ಹಿಂದೆ ಪ್ರಾಚೀನ ರೋಮ್ ಇನ್ನೂ ನಡೆಯುತ್ತಿದೆ ಎಂದೂ ಅನಿಸಿತು. 1982ರಲ್ಲಿ ಸಾಯುವವರೆಗೆ ಅದನ್ನು ಅರ್ಥಮಾಡಿಕೊಳ್ಳಲು ಸುಮಾರು ಎಂಟು ಸಾವಿರ ಪುಟ ಟಿಪ್ಪಣಿ ಬರೆದ. ದೇವರು, ಸೋವಿಯತ್ ಪ್ರಯೋಗ, ತನ್ನದೇ ಬುದ್ಧಿಭ್ರಮಣೆ, ಎಲ್ಲವನ್ನೂ ಒಂದೊಂದಾಗಿ ಮುಂದಿಟ್ಟು, ಒಂದೊಂದನ್ನೂ ತಾನೇ ಖಂಡಿಸಿದ. 1981ರ 'ವ್ಯಾಲಿಸ್' ಕಾದಂಬರಿಯಲ್ಲಿ ದರ್ಶನವಾದವನು ಒಂದು ಪಾತ್ರ, ಅದನ್ನು ಅನುಮಾನದಿಂದ ನೋಡುವ ಗೆಳೆಯ ಇನ್ನೊಂದು ಪಾತ್ರ, ಇಬ್ಬರೂ ಲೇಖಕನೇ. ಆ ಅನುಮಾನದ ಗೆಳೆಯನನ್ನು ಅವನು ಕೊನೆಯವರೆಗೂ ಮನೆಯಿಂದ ಹೊರಗೆ ಹಾಕಲಿಲ್ಲ. ಥಾರ್ನ್‌ಲಿಯ ಮನೆಯಲ್ಲಿ ಆ ಎರಡನೆಯ ಕುರ್ಚಿ ಖಾಲಿಯಾಯಿತು ಎಂದು ನನಗೆ ಕಾಣುತ್ತದೆ. ಈ ಬಗೆಯ ಯಾವ ಹಸ್ತಪ್ರತಿ ಬಂದರೂ ನಾನು ಮೊದಲು ಹುಡುಕುವುದು ಆ ಕುರ್ಚಿಯನ್ನು. ಸಂದೇಹಪಡುವವನಿಗೆ ಕತೆಯೊಳಗೆ ಕೂರಲು ಜಾಗವಿಲ್ಲದಿದ್ದರೆ ಅದನ್ನು ಹಿಂದಕ್ಕೆ ಕಳುಹಿಸುತ್ತೇನೆ. ಈ ವರ್ಷ ಅಂಥ ಎರಡು ಕತೆಗಳನ್ನು ಕಳುಹಿಸಿದ್ದೇನೆ ಕೂಡ.

ಚಂದ್ರವಳ್ಳಿ ಶಾಸನದ ಜಾಗ, ಇತಿಹಾಸದ ಜಾಗ, ಅದನ್ನು ಮಂತ್ರವಾದಿಯ ಗವಿ ಮಾಡಿದ್ದೀರಿ ಎಂದು ನೀವು ಬರೆದ ಮಾತು ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ಅಲ್ಲಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಸಣ್ಣ ಪ್ರಾಕೃತ ಶಾಸನವಿದೆ. ಅದರಲ್ಲಿ ಅವನು ಗೆದ್ದ ರಾಜ್ಯಗಳ ಉದ್ದನೆಯ ಪಟ್ಟಿಯಿದೆ ಎಂದು ಡಾ. ಎಂ. ಎಚ್. ಕೃಷ್ಣ ಓದಿದರು; ನಂತರದ ವಿದ್ವಾಂಸರು ಆ ಓದನ್ನು ಪ್ರಶ್ನಿಸಿ, ಸವೆದ ಅಕ್ಷರಗಳನ್ನು ಬೇರೆ ರೀತಿ ಓದಿದರು. ಒಂದೊಂದು ಅಕ್ಷರದ ಓದಿನ ಮೇಲೆ ಒಂದೊಂದು ರಾಜ್ಯ ಬರುತ್ತದೆ, ಹೋಗುತ್ತದೆ. ನಮ್ಮ ಕತೆಯ ಕರಡು ತಿದ್ದುವವನಿಗೆ ಆಗುವುದು ಇದೇ ಅಲ್ಲವೇ? ಬಂಡೆಯನ್ನು ಯಾರು ಬೇಕಾದರೂ ಮುಟ್ಟಿ ನೋಡಿ, ಹಿಂದಿನವರ ಓದು ತಪ್ಪೆಂದು ವಾದಿಸಬಹುದು. ಮಂತ್ರವಾದಿಯ ಹಸ್ತಪ್ರತಿಯನ್ನು ಮಾತ್ರ ಬೇರೆಯವರು ಮುಟ್ಟುವ ಹಾಗಿಲ್ಲ. ಆ ಯುವಕ ಅದನ್ನು ಮುಟ್ಟಿ ತಿದ್ದುತ್ತಾನೆ, ಮತ್ತು ಏಳನೆಯ ಭಾಗದಲ್ಲಿ ಮಂತ್ರವಾದಿಯ ಹೆಸರಿನ ಮೇಲೆಯೇ ಗೆರೆ ಎಳೆಯುತ್ತಾನೆ. ಏಳನೆಯ ಭಾಗ ಮೂರನೆಯದಾಗಿ ಅಚ್ಚಾಗಿದ್ದರಿಂದ, ಓದುವಾಗ ಅದರ ನಂತರವೂ ಮಂತ್ರವಾದಿ ಓಡಾಡುತ್ತಲೇ ಇರುತ್ತಾನೆ. ಅಳಿಸಿದ್ದು ಅಷ್ಟು ಬೇಗ ಊರು ಬಿಟ್ಟು ಹೋಗುವುದಿಲ್ಲ. ಕ್ರಮ ತಪ್ಪಿಸಿದ್ದು ಇದಕ್ಕಾಗಿ.

ಆರನೆಯ ಭಾಗವನ್ನು ಕತೆಗಾರರು ಬರೆದೇ ಇಲ್ಲ. ಅಂಕಲಿ ಮಠದ ಒಳಗೆ ಅವನಿಗೆ ಏನು ಕಂಡಿತು ಎಂಬುದು ಅಲ್ಲಿ ಬರಬೇಕಾಗಿತ್ತು. ಅದನ್ನು ಬರೆದರೆ ತಾನೇ ಮಂತ್ರವಾದಿಯಾಗಿಬಿಡುತ್ತೇನೆ ಎಂದು ಅವರು ನನ್ನೆದುರು ಹೇಳಿದರು. ನಾನು ಒಪ್ಪಿದೆ, ಈಗಲೂ ಒಪ್ಪುತ್ತೇನೆ.

ಅವರ ಇನ್ನೊಂದು ಕತೆ ನಮ್ಮಲ್ಲಿದೆ, ಮುಂದಿನ ಸಂಚಿಕೆಗೆ ತೆಗೆದುಕೊಂಡಿದ್ದೇವೆ. 'ಕತೆ' ಎಂಬ ಪದ ಶೀರ್ಷಿಕೆಯಷ್ಟೇ ದೊಡ್ಡ ಅಕ್ಷರದಲ್ಲಿ, ಮಡಿಕೆ ಬೀಳದ ಜಾಗದಲ್ಲಿ ಇರುತ್ತದೆ. ಅದರ ಎದುರು ಪುಟದಿಂದ ನಿಮ್ಮ ಪತ್ರವನ್ನು ಒಂದಕ್ಷರವೂ ಬಿಡದೆ ಹಾಕುತ್ತೇವೆ. ಕರಡು ನಿಮಗೇ ಕಳುಹಿಸುತ್ತೇನೆ. ದಯವಿಟ್ಟು ತಿದ್ದಿ, ತಿಂಗಳ ಇಪ್ಪತ್ತರೊಳಗೆ ತಲುಪುವಂತೆ ಹಿಂದಿರುಗಿಸಿ.

ತಮ್ಮ ವಿಶ್ವಾಸಿ,
ಸಂಪಾದಕ
ದಾವಣಗೆರೆ