ಬ್ಯಾಗಿನಲ್ಲಿದ್ದ ನೋಟಿಸು, ಐದು ಹೆಸರಿನ ಚೀಟಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ. ಅಲ್ಲಿನ ಗಣಿತ ಟೀಚರ್, ವಯಸ್ಸು ನಲವತ್ತರ ಆಸುಪಾಸು. ಆಪ್ತಸಮಾಲೋಚನೆಗೆ ಸಮಯ ಕೇಳಿ ನನಗೆ ಫೋನ್ ಮಾಡಿದಾಗ ನಿದ್ದೆ ಬರ್ತಿಲ್ಲ ಅಂದಿದ್ದರು. ಬಂದು ಕೂತವರು ನಿದ್ದೆಯ ಮಾತೇ ಎತ್ತದೆ ಬ್ಯಾಗಿನಿಂದ ಒಂದು ಹಾಳೆ ತೆಗೆದರು. ತೆಗೆದು ತೆಗೆದು ಮಡಿಸಿ ಮಡಿಕೆಯಲ್ಲೇ ಹರಿಯತೊಡಗಿತ್ತು. ಕಾರಣ ಕೇಳುವ ನೋಟಿಸ್. 2024ರ ಎಸ್ಸೆಸ್ಸೆಲ್ಸಿಯಲ್ಲಿ ನಿಮ್ಮ ವಿಷಯದ ಫಲಿತಾಂಶ ತೀರಾ ಇಳಿದಿದೆ, ಇನ್‌ಕ್ರಿಮೆಂಟ್ ಯಾಕೆ ತಡೆಯಬಾರದು, ಹದಿನೈದು ದಿನದಲ್ಲಿ ಉತ್ತರಿಸಿ.

"ಹದಿನಾರು ವರ್ಷ ಕಲಿಸೀನಿ ಮೇಡಂ. ನನಗ ಪಾಠನ ಬರಂಗಿಲ್ಲ ಅಂತ ಈಗ ಗೊತ್ತಾತು."

ಇಂಥ ಹೊತ್ತಲ್ಲಿ "ಹಾಗೆಲ್ಲ ಅಂದ್ಕೋಬೇಡಿ" ಅನ್ನುವುದು ಸುಲಭ, ಉಪಯೋಗ ಕಡಿಮೆ. ಗಣಿತದವರಲ್ವಾ, ಲೆಕ್ಕಕ್ಕೇ ಇಳಿದೆ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಇಟ್ಟು ದೂರದಿಂದಲೇ ನೇರವಾಗಿ ನೋಡುವ ವ್ಯವಸ್ಥೆ) ಬಂತು, ನಕಲು ಕಷ್ಟವಾಯಿತು. 2023ರಲ್ಲಿ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಬಿತ್ತು. ಅದೂ ಗ್ರೇಸ್ ಅಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. "ಇಡೀ ರಾಜ್ಯದ ಟೀಚರುಗಳು ಒಂದೇ ವರ್ಷದಲ್ಲಿ ಪಾಠ ಮರೆತುಬಿಟ್ಟರಾ?" ಅಂದೆ. ಸಣ್ಣಗೆ ನಕ್ಕರು.

ಮುಂದಿನ ವಾರ ಬಂದಾಗ ಒಳಗಿದ್ದದ್ದು ಹೊರಬಿತ್ತು. ಈ ಸಲ ಹತ್ತನೇ ತರಗತಿಗೆ ಬಂದ, ಫೇಲಾಗಬಹುದು ಅನಿಸಿದ ಐದು ಮಕ್ಕಳ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟಿದ್ದರು. ಮನೆಯವರನ್ನು ಒಪ್ಪಿಸಿ ಟಿಸಿ ಕೊಡಿಸಿದರೆ ಫಲಿತಾಂಶ ತಾನಾಗಿ ಏರುತ್ತದೆ. ಹೇಳುತ್ತಾ ಅತ್ತರು. ಅವರ ನಿದ್ದೆ ತಿಂದದ್ದು ಈ ಚೀಟಿ.

ಡಾಕ್ಟರುಗಳ ಕಥೆ ಹೇಳಿದೆ. ನ್ಯೂಯಾರ್ಕ್ ರಾಜ್ಯ 1990ರ ದಶಕದಲ್ಲಿ ಬೈಪಾಸ್ ಆಪರೇಷನ್ ಮಾಡುವವರ ಸಾವಿನ ಲೆಕ್ಕವನ್ನು ಸರ್ಜನ್ನರ ಹೆಸರು ಸಮೇತ ಹೊರಹಾಕತೊಡಗಿತು. ರೋಗಿಯ ವಯಸ್ಸು, ಮೊದಲೇ ಇದ್ದ ಕಾಯಿಲೆ ಎಲ್ಲ ಗಣನೆಗೆ ತೆಗೆದುಕೊಂಡೇ ಅಳೆದರು. ಆದರೂ ತೀರಾ ಕಷ್ಟದ ರೋಗಿಗಳನ್ನು ಮುಟ್ಟಲು ಕೆಲವರು ಹಿಂಜರಿದರು. ನಿಮ್ಮ ನೋಟಿಸಿನಲ್ಲಿ ಮಗು ಎಲ್ಲಿಂದ ಶುರು ಮಾಡಿತು ಅನ್ನೋ ಕಾಲಂ ಕೂಡ ಇಲ್ಲ. ಇಂಥ ಯೋಚನೆ ಬಂದರೆ ಆಶ್ಚರ್ಯವೇನು? ಆದರೆ ಚೀಟಿ ಹರಿದುಹಾಕಿ, ಅಂದೆ. ಅಲ್ಲೇ ಹರಿದರು.

ನೋಟಿಸಿಗೆ ಉತ್ತರ ಬರೆಯಿರಿ, ಅದರಲ್ಲಿ ಕ್ಷಮೆಯೂ ಬೇಡ, ಸಿಟ್ಟೂ ಬೇಡ. ಪ್ರತಿ ಮಗುವಿನ ಮೊದಲ ಕಿರುಪರೀಕ್ಷೆ, ಹಾಜರಿ, ಕೊನೆಯ ಅಂಕ ಅಕ್ಕಪಕ್ಕ ಹಾಕಿ. ಒಬ್ಬ ಹುಡುಗ ಎಂಟಕ್ಕೆ ಬಂದಾಗ ದಶಕ ತಗೊಂಡು ಕಳೆಯಲು ಬರುತ್ತಿರಲಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಎರಡು ತಿಂಗಳು ಗೈರು. ಪರೀಕ್ಷೆಯಲ್ಲಿ 80ಕ್ಕೆ 11, ಫೇಲ್. ಉತ್ತರ ಪತ್ರಿಕೆಯ ನಕಲು ತರಿಸಿ ನೋಡಿದ್ದರು: ಗ್ರಾಫ್ ಹಾಳೆಯಲ್ಲಿ ಎರಡು ಗೆರೆ ಕೂಡಬೇಕಾದ ಕಡೆಯೇ ಕೂಡಿದ್ದವು. "ಇದನ್ನೂ ಬರೀರಿ" ಅಂದೆ.

ಅವರ ಪಾಲಿನ ತಪ್ಪನ್ನೂ ಕೇಳಿದೆ. ಜನವರಿಯಿಂದ ಬರೀ ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪಾಠ) ಉರು ಹೊಡೆಸಿದ್ದರಂತೆ. ಎಂಟನೇ ತರಗತಿಯಲ್ಲೇ ಕಳೆಯುವ ಲೆಕ್ಕ ಹಿಡಿಯಿರಿ ಅಂದೆ. ನೋಟಿಸು ಬ್ಯಾಗಿನಿಂದ ಶಾಲೆಯ ಬೀರುವಿಗೆ ಹೋಗಲಿ. ನಿದ್ದೆ ಇನ್ನೂ ಕೆಟ್ಟರೆ ಡಾಕ್ಟರನ್ನು ಕಾಣಿ, ರಾತ್ರಿ ತಡೆಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾತಾಡಿ.

ಜುಲೈನಲ್ಲಿ ಮತ್ತೆ ಬಂದರು. ಎರಡು ಪುಟದ ಉತ್ತರಕ್ಕೆ ಕಚೇರಿಯಿಂದ ಸದ್ದಿಲ್ಲ. ಆ ಹುಡುಗ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ. ಫೇಲಾದವರಿಗೆ ಆ ವರ್ಷ ಇದ್ದ ಮೂರನೇ ಅವಕಾಶ, ಪರೀಕ್ಷೆ-3ಕ್ಕೆ ಇವರೇ ಹೆಸರು ಹಚ್ಚಿದ್ದಾರೆ. ಹಿಂದಿನ ರಾತ್ರಿ ಬಸ್ ಹತ್ತುತ್ತೇನೆ ಅಂದಿದ್ದಾನಂತೆ.