ಸೂಜಿಯ ಮರುದಿನ ಏರಿದ ಕೌಂಟ್

ಕಾಸರಗೋಡು ಭಾಗದ ಗರ್ಭಿಣಿಯರ ಮನೆಯವರಲ್ಲಿ ಸ್ಟೀರಾಯ್ಡ್ ಸೂಜಿಯಿಂದ ತಾಯಿಯ ರಕ್ತ ಕೆಡುತ್ತದೆಂಬ ಒಂದೇ ಭಯ ಮತ್ತೆ ಮತ್ತೆ ಕಾಣುವುದರಿಂದ, ಆಪ್ತಸಲಹೆಗಾರ್ತಿಯಾದ ನಾನು ಗುರುತು ಸಿಗದಂತೆ ವಿವರ ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಬದಿಯಡ್ಕ ಕಡೆಯ ಚೊಚ್ಚಲ ಗರ್ಭಿಣಿಗೆ 31ನೇ ವಾರದಲ್ಲೇ ಹೆರಿಗೆ ನೋವು ಕಾಣಿಸಿಕೊಂಡಿದ್ದರಿಂದ, ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಾಸೋನ್ ಸ್ಟೀರಾಯ್ಡ್ ಆರಂಭಿಸಿದ್ದರು: 12 ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಸೂಜಿ. ಎರಡು ಮುಗಿದಾಗ ಮನೆಯವರು ಮೂರನೆಯದು ಬೇಡವೆಂದರು.

ಅತ್ತೆ ಎರಡು ರಕ್ತಪರೀಕ್ಷೆಯ ರಿಪೋರ್ಟುಗಳನ್ನು ಮೇಜಿನ ಮೇಲೆ ಒತ್ತೊತ್ತಾಗಿ ಇಟ್ಟರು. ಟೋಟಲ್ ಕೌಂಟ್, ಅಂದರೆ ಸೋಂಕಾದಾಗಲೂ ಏರುವ ಬಿಳಿ ರಕ್ತಕಣಗಳ ಎಣಿಕೆ, 11,200ರಿಂದ 14,800ಕ್ಕೆ ಏರಿತ್ತು. ಅಂಕಿಯ ಪಕ್ಕದ ‘ಎಚ್’ (ಹೈ, ಅಂದರೆ ಹೆಚ್ಚು) ಅಕ್ಷರಕ್ಕೆ ಮಗ ನೀಲಿ ಪೆನ್ನಿನಲ್ಲಿ ಸುತ್ತು ಹಾಕಿದ್ದ. “ಸೂಜಿ ಹಾಕಿದ ಮೇಲೆಯೇ ಅಲ್ವಾ ಮೇಡಂ ಇದು ಹೆಚ್ಚಾದದ್ದು? ಮಗುವಿಗೆ ಮದ್ದು ಅಂತ ತಾಯಿಯ ರಕ್ತ ಹಾಳಾದರೆ ಹೇಗೆ?”

“ನೀವು ಗಮನಿಸಿದ್ದು ಸರಿ ಅಮ್ಮ, ಏರಿದ್ದು ಸೂಜಿಯಿಂದಲೇ ಇರಬಹುದು” ಎಂದೆ. ಸೊಸೆ ಮೊದಲ ಬಾರಿಗೆ ತಲೆಯೆತ್ತಿ ನೋಡಿದಳು. ರಕ್ತನಾಳಗಳ ಗೋಡೆಗೆ ಅಂಟಿಕೊಂಡಿರುವ ಬಿಳಿ ರಕ್ತಕಣಗಳನ್ನು ಸ್ಟೀರಾಯ್ಡ್ ಹರಿವಿಗೆ ಇಳಿಸುತ್ತದೆ, ಮೂಳೆಯ ಮಜ್ಜೆಯಿಂದಲೂ ಒಂದಷ್ಟು ಹೊರಬರುತ್ತವೆ. ಕಟ್ಟೆಯ ಮೇಲೆ ಕುಳಿತವರು ರಸ್ತೆಗಿಳಿದರೆ ಜನ ಹೆಚ್ಚಿದಂತೆ ಕಾಣುವುದಿಲ್ಲವೇ, ಹಾಗೆ. ಗರ್ಭಿಣಿಯರಲ್ಲಿ ಈ ಕೌಂಟ್ ಮೊದಲೇ ತುಸು ಹೆಚ್ಚಿರುತ್ತದೆ. ಸೂಜಿಯಿಂದ ಒಂದು ದಿನದೊಳಗೆ ಸುಮಾರು ಶೇ. 30ರಷ್ಟು ಏರಿ, ಸಾಮಾನ್ಯವಾಗಿ ಮೂರು ದಿನಗಳಲ್ಲಿ ಇಳಿಯುತ್ತದೆ.

ಇದು ವೈದ್ಯರ ಕೆಲಸ, ಆಪ್ತಸಲಹೆಗಾರರದ್ದಲ್ಲ ಎಂಬ ಆಕ್ಷೇಪ ನನಗೆ ಗೊತ್ತಿದೆ. ಅದಕ್ಕೇ ವೈದ್ಯರನ್ನು ಕರೆಸಿ ಅವರ ಎದುರಿನಲ್ಲೇ ಮಾತಾಡಿದೆ. ಆದರೆ ‘ಏನೂ ಇಲ್ಲ, ಹೆದರಬೇಡಿ’ ಎಂದು ಕಳುಹಿಸುವುದು ನನಗೆ ಒಗ್ಗುವುದಿಲ್ಲ. ಕಣ್ಣೆದುರು ಏರಿದ ಅಂಕಿಯನ್ನು ಅಲ್ಲಗಳೆದರೆ, ಮುಂದೆ ಹೇಳುವ ನಿಜವನ್ನೂ ಅವರು ನಂಬಲಾರರು.

ಜ್ವರವಿಲ್ಲ, ಗರ್ಭದ ನೀರು ಹೋಗಿಲ್ಲ ಎಂದು ವೈದ್ಯರು ಖಚಿತಪಡಿಸಿಕೊಂಡ ಮೇಲೆ, ಉಳಿದ ಸೂಜಿಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸಲು ಸಲಹೆ ನೀಡಿದೆ, ಆಕೆಯೇ ಒಪ್ಪಿದಳು. ಸ್ಟೀರಾಯ್ಡಿನ ಹೆಸರಿನಲ್ಲಿ ಸೋಂಕನ್ನು ಕಡೆಗಣಿಸುವುದೂ ಅಷ್ಟೇ ಅಪಾಯ. ಜ್ವರ, ದುರ್ವಾಸನೆಯ ಸ್ರಾವ, ಮುಟ್ಟಿದರೆ ನೋಯುವ ಹೊಟ್ಟೆ ಇದ್ದರೆ ಅಥವಾ ಮೂರು ದಿನ ಕಳೆದರೂ ಕೌಂಟ್ ಇಳಿಯದಿದ್ದರೆ ಮತ್ತೆ ತೋರಿಸಲೇಬೇಕು. ಇಲ್ಲಿಂದ ರಿಪೋರ್ಟ್ ಹಿಡಿದು ಮಂಗಳೂರಿಗೆ ಓಡುವವರು ಬಹಳ. ಏರಿಕೆಯ ಕಾರಣ ಅಲ್ಲಿನ ವೈದ್ಯರಿಗೂ ತಿಳಿಯುವಂತೆ, ಸೂಜಿ ಹಾಕಿದ ದಿನ, ಗಂಟೆಯನ್ನು ಅದೇ ಹಾಳೆಯ ಮೇಲೆ ಬರೆಸಿಕೊಂಡು ಹೋಗಿ.